ಕಲಾಂ ಭಾಷಣದ ಒಂದು ಒಣ ವಾಕ್ಯ: ಸಚಿವ ಪ್ರಲ್ಹಾದ ಜೋಶಿ ಅವರಿಗೆ ಬಹಿರಂಗ ಪತ್ರ

ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವರಿಗೆ ನಮಸ್ಕಾರ.

ಅಬ್ದುಲ್ ಕಲಾಂ ಅವರ ಹೆಸರೆತ್ತದೆ ನಮ್ಮಲ್ಲಿ ಇಂಧನದ ಭಾಷಣ ಮುಗಿಯುವುದಿಲ್ಲ. ಕೆಲವರಿಗೆ ಅವರು ಎಲ್ಲವನ್ನೂ ಮೊದಲೇ ಕಂಡ ದ್ರಷ್ಟಾರ; ಇನ್ನು ಕೆಲವರಿಗೆ 2011ರಲ್ಲಿ ಹೋರಾಟದ ನಡುವೆಯೇ ಕೂಡಂಕುಳಂ ಅಣು ಸ್ಥಾವರಕ್ಕೆ ಸರ್ಟಿಫಿಕೇಟ್ ಕೊಟ್ಟವರು. 2005ರ ಆಗಸ್ಟ್ 14ರಂದು ರಾಷ್ಟ್ರಪತಿಯಾಗಿ ಅವರು ಮಾಡಿದ ಭಾಷಣವನ್ನು ಈ ಎರಡೂ ಕಡೆಯವರು ಪೂರ್ತಿ ಓದಿದಂತೆ ಕಾಣುವುದಿಲ್ಲ. 2030ಕ್ಕೆ ಇಂಧನ ಸ್ವಾತಂತ್ರ್ಯ ಎಂದು ಗುರಿ ಇಟ್ಟದ್ದು ಅಲ್ಲೇ.

ಅಂಕಪಟ್ಟಿ ಬರೆಯುವುದು ಕಷ್ಟವಲ್ಲ. ದೇಶದ ಉತ್ಪಾದನಾ ಸಾಮರ್ಥ್ಯ 4 ಲಕ್ಷ ಮೆಗಾವಾಟ್ ಆಗಬೇಕು ಎಂದಿದ್ದರು; ಅದನ್ನು ಆಗಲೇ ದಾಟಿದ್ದೇವೆ. ಸೌರ ಪಾರ್ಕ್‌ಗಳಿಂದ 55,000 ಮೆಗಾವಾಟ್ ಸಿಗಬಹುದು ಎಂದಿದ್ದರು. ದೇಶದ ಸೌರ ಸಾಮರ್ಥ್ಯ 2025ರ ಆರಂಭದಲ್ಲೇ 1 ಲಕ್ಷ ಮೆಗಾವಾಟ್ ಮುಟ್ಟಿತು. ಅವರು ಆಸೆಯಿಟ್ಟದ್ದು ಕಾರ್ಬನ್ ನ್ಯಾನೊಟ್ಯೂಬ್ ಸೌರಕೋಶದ ಮೇಲೆ. ಗೆದ್ದದ್ದು ಹಳೇ ಸಿಲಿಕಾನ್, ಅದೂ ಚೀನಾದ ಕಾರ್ಖಾನೆಗಳಲ್ಲಿ ಅಗ್ಗವಾಗಿ. ಅಣುಶಕ್ತಿಯಲ್ಲಿ 50,000 ಮೆಗಾವಾಟ್ ಬೇಕೆಂದರು; 2025ರ ಮಧ್ಯದಲ್ಲಿ ನಮ್ಮಲ್ಲಿದ್ದದ್ದು 8,880. ಅದರಲ್ಲಿ ಕೂಡಂಕುಳಂನ ಇಂಧನ ಬರುವುದು ರಷ್ಯಾದಿಂದ. ಸ್ವಾತಂತ್ರ್ಯ ಎಂಬ ಮಾತಿಗೆ ನಮ್ಮ ಕೈಗಾ ಹೆಚ್ಚು ಹತ್ತಿರ.

ಅವರು ದೊಡ್ಡದಾಗಿ ಎಡವಿದ್ದು ಜಟ್ರೋಫಾದಲ್ಲಿ, ಅಂದರೆ ನಮ್ಮ ಕಾಡು ಹರಳಿನಲ್ಲಿ. ಪಾಳುಭೂಮಿಯಲ್ಲಿ ಬೆಳೆದರೆ ಎಕರೆಗೆ 2 ಟನ್ ಜೈವಿಕ ಡೀಸೆಲ್ ಎಂಬ ಲೆಕ್ಕ ಅದು. ಬೀಜದಲ್ಲಿ ಎಣ್ಣೆ ಇರುವುದು ಶೇ 30ರಿಂದ 35. ಗಾಣದಲ್ಲಿ ಒಂದು ಹನಿಯೂ ಉಳಿಯದೆ ಬಂದರೂ ಎಕರೆಗೆ 60 ಕ್ವಿಂಟಲ್ ಬೀಜ ಬೇಕು. ಮಳೆ ನಂಬಿದ ಮಸಾರಿ ಹೊಲದಲ್ಲಿ ಶೇಂಗಾ ನಾಲ್ಕೈದು ಕ್ವಿಂಟಲ್ ಬಂದರೆ ರೈತ ಸಮಾಧಾನಪಡುತ್ತಾನೆ ಎಂಬುದು ಧಾರವಾಡದ ಸಂಸದರಾದ ತಮಗೆ ಹೇಳಬೇಕಿಲ್ಲ. ಕಾಯಿ ಒಮ್ಮೆಗೇ ಮಾಗುವುದಿಲ್ಲ, ಆಳು ಹಚ್ಚಿ ಮತ್ತೆ ಮತ್ತೆ ಬಿಡಿಸಬೇಕು. ಹಿಂಡಿ ವಿಷ, ದನಕ್ಕೆ ಹಾಕುವಂತಿಲ್ಲ. 'ಪಾಳು' ಎಂದು ದಾಖಲೆಯಲ್ಲಿರುವ ಜಾಗ ಬಹುಮಟ್ಟಿಗೆ ಯಾರದೋ ಕುರಿ ಮೇಯುವ ಗೋಮಾಳ. ಕೊನೆಗೆ ಜೈವಿಕ ಇಂಧನ ಬಂದದ್ದು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ, ಉಳುವ ನೆಲದಿಂದಲೇ. ಆಹಾರ ಖಾತೆಯೂ ತಮ್ಮ ಕೈಯಲ್ಲಿರುವುದರಿಂದ ಈ ಇಕ್ಕಟ್ಟು ತಮಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟೆಲ್ಲ ಹೇಳಿದ್ದು ಬೇರೊಂದು ಮಾತಿಗೆ. ಅದೇ ಭಾಷಣದಲ್ಲಿ ಯಾರೂ ಉಲ್ಲೇಖಿಸದ ಒಂದು ಒಣ ಅಂಶವಿದೆ: ವಿದ್ಯುತ್ ಸಾಗಣೆಯ ನಷ್ಟವನ್ನು ಶೇ 15ಕ್ಕೆ ಇಳಿಸಬೇಕು, ಅದಕ್ಕೆ ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲು; ಪೂರ್ತಿ ಒದಗಿದರೆ 1) ಸುಧಾರಿಸಬೇಕು. ಕ್ಷಿಪಣಿ ವಿಜ್ಞಾನಿಯ ಭಾಷಣದಲ್ಲಿ ಲೈನ್‌ಮನ್‌ಗೆ ಹೇಳುವಂಥ ಮಾತು. ತಮ್ಮ ಇಲಾಖೆ ಮುಂದುವರಿಸಬೇಕಾದ ಪರಂಪರೆ ಇದು. ಈಗ ಪಂಪ್‌ಸೆಟ್ ಫೀಡರ್‌ಗಳಿಗೆ (ಸಬ್‌ಸ್ಟೇಷನ್ನಿನಿಂದ ಹೊಲಗಳಿಗೆ ಹೋಗುವ ಲೈನ್‌ಗಳಿಗೆ) ಸೌರ ವಿದ್ಯುತ್ ಜೋಡಿಸುವ ಪಿಎಂ ಕುಸುಮ್ ಯೋಜನೆಯ 'ಸಿ' ವಿಭಾಗದಲ್ಲಿ ಇದೇ ಕೈತಪ್ಪುತ್ತಿದೆ.

ಒಂದು ಸಬ್‌ಸ್ಟೇಷನ್ ತೆಗೆದುಕೊಳ್ಳಿ. ಅದರ ಪಂಪ್‌ಸೆಟ್ ಫೀಡರ್‌ಗಳ ಹೊರೆ 3 ಮೆಗಾವಾಟ್, ಪವರ್ ಫ್ಯಾಕ್ಟರ್ 0.8. ಮೋಟಾರುಗಳು ಕಾಂತಕ್ಷೇತ್ರಕ್ಕಾಗಿ 2.25 ಎಂವಿಎಆರ್ ರಿಯಾಕ್ಟಿವ್ ವಿದ್ಯುತ್ತನ್ನೂ ಎಳೆಯುತ್ತವೆ; ಇದು ನೀರೆತ್ತುವ ಕೆಲಸ ಮಾಡುವುದಿಲ್ಲ, ಆದರೆ ತಂತಿಯಲ್ಲಿ ಹರಿಯುತ್ತದೆ, ಇದರ ಅಳತೆಯೇ ಎಂವಿಎಆರ್. ಪಕ್ಕದಲ್ಲಿ ಸೌರ ಘಟಕ ಬಂತು, ಮಧ್ಯಾಹ್ನ 2.5 ಮೆಗಾವಾಟ್ ಕೊಡುತ್ತಿದೆ ಎನ್ನಿ. ಯೂನಿಟ್ ಲೆಕ್ಕದಲ್ಲಷ್ಟೇ ಹಣ ಸಿಗುವುದರಿಂದ ಸೌರ ಫಲಕದ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದಿಸುವ ಇನ್ವರ್ಟರ್ ಬರಿಯ ಮೆಗಾವಾಟ್ ಕೊಡುವಂತೆ ಹೊಂದಿಸಿರುತ್ತಾರೆ. ಆಗ ಮೇಲಿನ ಗ್ರಿಡ್‌ನಿಂದ ಬರಬೇಕಾದದ್ದು ಅರ್ಧ ಮೆಗಾವಾಟ್, ಆದರೆ 2.25 ಎಂವಿಎಆರ್ ಹಾಗೇ ಬರುತ್ತಿರುತ್ತದೆ. ಸಬ್‌ಸ್ಟೇಷನ್ನಿನ ಪವರ್ ಫ್ಯಾಕ್ಟರ್ 0.22ಕ್ಕೆ ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರ್ ಹೊರೆ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ವೋಲ್ಟೇಜ್ ಅಷ್ಟಾಗಿ ಏಳುವುದಿಲ್ಲ, ಫೀಡರ್ ತುದಿಯ ಮೋಟಾರು ಸುಡುವುದು ನಿಲ್ಲುವುದಿಲ್ಲ. ಆಮೇಲೆ 'ಸೋಲಾರ್ ಬಂದರೂ ಕರೆಂಟು ಹಾಗೇ ಇದೆ' ಎಂದು ರೈತರು ಬೈಯುತ್ತಾರೆ.

ಇದಕ್ಕೆ ಎರಡು ಕಡೆ ಮದ್ದು ಬೇಕು. ಇನ್ವರ್ಟರ್ ಸಾಮರ್ಥ್ಯ ಶೇ 10 ಹೆಚ್ಚಿಸಿ 2.75 ಎಂವಿಎ (ಮೆಗಾವಾಟ್, ಎಂವಿಎಆರ್ ಎರಡನ್ನೂ ಹೊರುವ ಒಟ್ಟು ಸಾಮರ್ಥ್ಯ) ಮಾಡಿದರೆ, ಪೂರ್ಣ 2.5 ಮೆಗಾವಾಟ್ ಕೊಡುತ್ತಲೇ 1.1 ಎಂವಿಎಆರ್‌ಗಿಂತ ತುಸು ಹೆಚ್ಚೇ ಕೊಡಬಲ್ಲದು. ಟ್ರಾನ್ಸ್‌ಫಾರ್ಮರ್ ಸಮಸ್ಯೆ ಅರ್ಧ ಮುಗಿಯಿತು. ಆದರೆ ಸಬ್‌ಸ್ಟೇಷನ್ನಿನಿಂದ ಬಾವಿಯವರೆಗಿನ ತಂತಿಗೆ ಇದರಿಂದ ಏನೂ ಲಾಭವಿಲ್ಲ. ಅಲ್ಲಿ ಹರಿಯುವ ಕರೆಂಟು ಅಷ್ಟೇ. ಅದು ಇಳಿಯಬೇಕಾದರೆ ಪಂಪಿನ ಬುಡದಲ್ಲೇ ಕೆಪಾಸಿಟರ್, ರೈತರ ಬಾಯಲ್ಲಿ ಕಂಡೆನ್ಸರ್, ಕೂರಬೇಕು. 5 ಎಚ್‌ಪಿ ಮೋಟಾರಿಗೆ 2 ಕೆವಿಎಆರ್ (ಎಂವಿಎಆರ್‌ನ ಸಾವಿರದ ಒಂದು ಭಾಗ ಒಂದು ಕೆವಿಎಆರ್) ಸಾಕು. ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿದರೆ ತಂತಿಯ ನಷ್ಟ ಶೇ 29ರಷ್ಟು ತಗ್ಗುತ್ತದೆ.

ಹಿಂದೆ ಹಂಚಿದ ಕೆಪಾಸಿಟರ್‌ಗಳು ಯಾಕೆ ಉಳಿಯಲಿಲ್ಲ ಎಂದು ಕೇಳಬಹುದು. ಅದನ್ನು ಸ್ಟಾರ್ಟರ್ ಆಚೆ, ಮೋಟಾರಿನ ಕಡೆ ಜೋಡಿಸಬೇಕು. ಮೋಟಾರು ನಿಂತಾಗ ಅದೂ ಲೈನಿನಿಂದ ಕಳಚಿಕೊಳ್ಳಬೇಕು. ಲೈನ್ ಕಡೆ ಜೋಡಿಸಿದರೆ ಪಂಪು ನಿಂತ ಮೇಲೂ ಅದು ಲೈನಿನಲ್ಲೇ ಉಳಿದು ವೋಲ್ಟೇಜ್ ಏರಿಸಿ, ತಾನೇ ಉಬ್ಬಿ ಒಡೆಯುತ್ತದೆ. ಇನ್ನೊಂದು, ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಅದರ ಶಕ್ತಿ ಕುಸಿಯುತ್ತದೆ: 440 ವೋಲ್ಟಿನ ಕೆಪಾಸಿಟರ್ 320 ವೋಲ್ಟಿನ ಫೀಡರ್ ತುದಿಯಲ್ಲಿ ಕೊಡುವುದು ಅರ್ಧವಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ಬಿಲ್ಲೇ ಇಲ್ಲದ ಪಂಪಿನ ಪವರ್ ಫ್ಯಾಕ್ಟರ್ ಯಾರ ತಲೆನೋವೂ ಅಲ್ಲ. ಕರ್ನಾಟಕದ ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರಿಲ್ಲ, ಬಳಕೆಯೂ ಅಂದಾಜು, ನಷ್ಟವೂ ಅಂದಾಜು. ಒಂದನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗುತ್ತದೆ. ಶೇ 15ರ ಗುರಿಯನ್ನು ಹೀಗೆ ಮುಟ್ಟುವುದು ಕಲಾಂ ಅವರಿಗೆ ಮೆಚ್ಚುಗೆಯಾಗುತ್ತಿರಲಿಲ್ಲ.

ಬ್ಯಾಟರಿಯದೂ ಒಂದು ಮಾತು. ಹೊಸ ಸೌರ ಟೆಂಡರ್‌ಗಳಲ್ಲಿ ಸಾಮರ್ಥ್ಯದ ಶೇ 10ಕ್ಕೆ 2 ಗಂಟೆ ಸಂಗ್ರಹ ಇರಲಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2025ರ ಫೆಬ್ರುವರಿಯಲ್ಲಿ ಸಲಹೆ ಕೊಟ್ಟಿತು. 10 ಮೆಗಾವಾಟ್ ಘಟಕಕ್ಕೆ ಇದು 2,000 ಯೂನಿಟ್. ಅದು ದಿನಕ್ಕೆ ಉತ್ಪಾದಿಸುವುದು 48,000 ಯೂನಿಟ್ ಆಸುಪಾಸು. ಊರು ದೀಪ ಹಚ್ಚುವ ಸಂಜೆ ಏಳಕ್ಕೆ ಇದು ಉಪ್ಪಿನಕಾಯಿ, ಊಟವಲ್ಲ.

ಕುಸುಮ್‌ನ ಮುಂದಿನ ಮಾರ್ಗಸೂಚಿಯಲ್ಲಿ ಎರಡು ಷರತ್ತು ಸೇರಿಸಿ. ಹಗಲಿನ ರಿಯಾಕ್ಟಿವ್ ವಿದ್ಯುತ್ತಿಗೂ ಖರೀದಿ ಒಪ್ಪಂದದಲ್ಲಿ ದರವಿರಲಿ. ಕೇಂದ್ರದ ಸಹಾಯಧನದ ಕೊನೆಯ ಕಂತು ಫೀಡರ್ ಮೀಟರಿನ ಕೆವಿಎಆರ್ ದಾಖಲೆ ನೋಡಿದ ಮೇಲೆಯೇ ಬಿಡುಗಡೆಯಾಗಲಿ. ಬೇಕೋ ಬೇಡವೋ ಎಂಬ ಅನುಮಾನವಿದ್ದರೆ, ಪಂಪುಗಳು ಬಿಡುವಿಲ್ಲದೆ ಓಡುವ ಮಾರ್ಚ್‌ನಲ್ಲಿ, ಸೌರ ಜೋಡಿಸಿದ ಯಾವುದಾದರೂ ಹತ್ತು ಸಬ್‌ಸ್ಟೇಷನ್‌ಗಳಿಂದ ಒಂದು ವಾರದ ಮಧ್ಯಾಹ್ನ 12 ಗಂಟೆಯ ಲಾಗ್‌ಶೀಟ್ ತರಿಸಿ, ಮೆಗಾವಾಟ್ ಕಾಲಂ ಬಿಟ್ಟು ಪಕ್ಕದ ಎಂವಿಎಆರ್ ಕಾಲಂ ನೋಡಿ. ತಮ್ಮ ಕ್ಷೇತ್ರದಿಂದಲೇ ಶುರು ಮಾಡಬಹುದು.

ಇಂತಿ,
ಕರ್ನಾಟಕದ ಒಬ್ಬ ವಿದ್ಯುತ್ ಎಂಜಿನಿಯರ್