ಹೆರಿಗೆ ಕೋಣೆಯ ಜೊತೆಗಾತಿಯನ್ನು ಗರ್ಭಿಣಿಯೇ ಆರಿಸಲಿ

ಮಾನ್ಯ ಸಂಪಾದಕರಿಗೆ,

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದರೆ ಕುಲಾಯಿ, ಕೌದಿ, ಅಂಟಿನ ಉಂಡೆಯ ಸಿದ್ಧತೆಯೆಲ್ಲ ತಿಂಗಳ ಮೊದಲೇ ನಡೆಯುತ್ತದೆ. ಆದರೆ ಬೇನೆ ತಿನ್ನುವ ಹೊತ್ತಿನಲ್ಲಿ ಆಕೆಯ ಪಕ್ಕದಲ್ಲಿ ಯಾರಿರಬೇಕು ಎಂಬುದು ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ, ಆಕೆಯನ್ನು ಕೇಳದೆಯೇ ತೀರ್ಮಾನವಾಗಿಬಿಡುತ್ತದೆ.

ನನ್ನ ತಂಗಿಯ ಮೊದಲ ಹೆರಿಗೆಯಲ್ಲಿ ಹಿರಿತನ ನೋಡಿ ನಮ್ಮ ಸೋದರತ್ತೆಯವರನ್ನು ಒಳಗೆ ಕಳಿಸಿದೆವು. ಅವರು ಪ್ರೀತಿಯ ಜೀವವೇ. ಆದರೆ ತಂಗಿ ಒಮ್ಮೆ ನರಳಿದರೆ ತಾವೇ ಅಳುತ್ತಿದ್ದರು, ಕೊನೆಗೆ ನರ್ಸಮ್ಮನವರು ಅವರನ್ನೇ ಹೊರಗೆ ತಂದು ಕೂರಿಸಿ ನೀರು ಕೊಡಬೇಕಾಯಿತು. ಉಳಿದ ರಾತ್ರಿಯನ್ನು ತಂಗಿ ಒಬ್ಬಳೇ ಕಳೆದಳು. ಎರಡನೆಯ ಸಲ ಅವಳು ಎಂಟನೆಯ ತಿಂಗಳಲ್ಲಿಯೇ ತನ್ನ ನೆಗೆಣ್ಣಿಯ ಹೆಸರು ಹೇಳಿದಳು. ಹೆಚ್ಚು ಮಾತಿಲ್ಲದ ಆ ಹೆಣ್ಣುಮಗಳು ಬೇನೆ ಬಂದಾಗಲೆಲ್ಲ ಮುಷ್ಟಿಯಿಂದ ಸೊಂಟ ಒತ್ತಿ ಹಿಡಿದು, ಬೇನೆ ಇಳಿದಾಗ ಒಂದೊಂದು ಗುಟುಕು ನೀರು ಕುಡಿಸಿ, ವೈದ್ಯರು ಒಪ್ಪಿದಷ್ಟು ಹೊತ್ತು ವರಾಂಡದಲ್ಲಿ ನಡೆದಾಡಿಸಿ, ಬೆಳಗಿನವರೆಗೆ ಕೈ ಬಿಡಲಿಲ್ಲ.

ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿಯೇ ಅವಕಾಶ ನೀಡಿದೆ. ಆಕೆ ಸಾಧ್ಯವಾದಷ್ಟು ಮಟ್ಟಿಗೆ ಹೆರಿಗೆಯ ಅನುಭವವುಳ್ಳವಳಾಗಿರಬೇಕು, ಅಂಟುರೋಗ ಇರಬಾರದು, ಕೊನೆಯವರೆಗೂ ಜೊತೆಗಿರಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು. ಮರೆಯ ವ್ಯವಸ್ಥೆಯಿರುವ ಕಡೆ ಗಂಡನೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಇನ್ನೂ ಸ್ಪಷ್ಟವಾಗಿದ್ದು, ಜೊತೆಗಿರುವವರು ಗರ್ಭಿಣಿ ತಾನೇ ಆರಿಸಿದವರಾಗಿರಬೇಕು ಎನ್ನುತ್ತದೆ. ಹೀಗೆ ಎಡೆಬಿಡದೆ ಆಸರೆ ಸಿಕ್ಕವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ತುಸು ಕಡಿಮೆ ಎಂದು 17 ದೇಶಗಳ 15,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2017ರ ವರದಿ ತಿಳಿಸುತ್ತದೆ.

ಆದ್ದರಿಂದ ಮನೆಯವರು ಹಿರಿತನವನ್ನಾಗಲಿ, ಯಾರಿಗೆ ಬೇಸರವಾದೀತು ಎಂಬುದನ್ನಾಗಲಿ ನೋಡದೆ, ಯಾರ ಮುಂದೆ ಆಕೆ ಸಂಕೋಚವಿಲ್ಲದೆ ಅಳಬಲ್ಲಳು, ಯಾರು ರಕ್ತ ಕಂಡು ಕಂಗೆಡುವುದಿಲ್ಲ ಎಂಬುದನ್ನು ನೋಡಬೇಕು. ಹೊಟ್ಟೆ ಒತ್ತಲು, ಕಷಾಯ ಕುಡಿಸಲು, ‘ಬೇಗ ಇಂಜೆಕ್ಷನ್ ಕೊಡಿ’ ಎಂದು ಒತ್ತಾಯಿಸಲು ಹೋಗುವವರು ಎಷ್ಟೇ ಹತ್ತಿರದವರಾದರೂ ಬೇಡ. ನಮ್ಮ ತಾಂಡಾಗಳಿಂದ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಲಂಬಾಣಿಯೇ ಮನೆಮಾತು; ಅಂಥವರಿಗೆ ನರ್ಸಮ್ಮನವರ ಕನ್ನಡವನ್ನು ಆ ಕ್ಷಣಕ್ಕೆ ತಿಳಿಸಿ ಹೇಳಬಲ್ಲವರು ಪಕ್ಕದಲ್ಲಿದ್ದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನಾವುದು? ಒಬ್ಬರಿಗೆ ಆ ದಿನ ಬರಲಾಗದಿದ್ದರೆ ಎಂದು ಎರಡನೆಯ ಹೆಸರನ್ನೂ ಯೋಚಿಸಿಡುವುದು ಒಳ್ಳೆಯದು.

ಆಶಾ ಕಾರ್ಯಕರ್ತೆಯರು ಎಂಟನೆಯ ತಿಂಗಳ ಭೇಟಿಯಲ್ಲಿ, ಸಾಧ್ಯವಾದರೆ ಅತ್ತೆ, ತಾಯಿ ಎದುರಿಗಿಲ್ಲದಾಗ, ಗರ್ಭಿಣಿಯನ್ನೇ ಕೇಳಿ ಆ ಹೆಸರನ್ನು ತಾಯಿ ಕಾರ್ಡಿನೊಳಗೆ ಬರೆದಿಡಲಿ. ಸಿಬ್ಬಂದಿಯವರು ಜೊತೆಗಾತಿಯನ್ನು ತಡೆಯುವುದು ಬಹುಪಾಲು ಪಕ್ಕದ ಮಂಚದ ಹೆಣ್ಣುಮಗಳ ಮಾನಕ್ಕಾಗಿಯೇ ಎಂಬುದನ್ನೂ ನಾನು ಬಲ್ಲೆ. ಹಾಗಾಗಿ ಯಾದಗಿರಿ, ಕಲಬುರಗಿ, ಬೀದರ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳು ಪ್ರತಿ ಹೆರಿಗೆ ಕೋಣೆಯಲ್ಲಿ ಮಂಚದಿಂದ ಮಂಚಕ್ಕೆ ಪರದೆಯನ್ನೂ, ಜೊತೆಗಾತಿ ಕೂರಲು ಒಂದು ಸ್ಟೂಲನ್ನೂ ಒದಗಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಸುರಪುರ ತಾಲ್ಲೂಕಿನ ಓದುಗರೊಬ್ಬರು, ಯಾದಗಿರಿ ಜಿಲ್ಲೆ