ಅರ್ಜಿಯಲ್ಲೇ ನಿಂತುಹೋಗುವ ಮಕ್ಕಳು: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಕಳಸದ ಕಡೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಕಾಫಿ, ಸ್ವಲ್ಪ ಅಡಿಕೆ ನೋಡಿಕೊಂಡು ಬದುಕುವವನು ನಾನು. ನಮ್ಮೂರ ಪಕ್ಕದಲ್ಲಿ ಹರಿಯುವ ಭದ್ರಾ ನದಿಯೇ ಮುಂದೆ ಬಾಳೆಹೊನ್ನೂರಿಗೆ ಹೋಗುತ್ತದೆ. ಅಲ್ಲೇ ಹತ್ತಿರ ಸೀಗೋಡಿನಲ್ಲಿ ನಮ್ಮ ಜಿಲ್ಲೆಯ ನವೋದಯ ಶಾಲೆ ಇದೆ. ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ ಅದು. ಆ ಶಾಲೆಯ ಆಡಳಿತ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅದಕ್ಕೇ ಈ ಪತ್ರ ನಿಮಗೆ.

ಕಳೆದ ವರ್ಷ ನನ್ನ ಅಕ್ಕನ ಮಗಳು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಲೆಕ್ಕದಲ್ಲಿ ತುಂಬಾ ಚುರುಕು. ಅಂಗಡಿಯಲ್ಲಿ ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಬಾಯಲ್ಲೇ ಒಟ್ಟು ಎಷ್ಟಾಯ್ತು ಅಂತ ಹೇಳಿಬಿಡುತ್ತಾಳೆ. ಅವಳು ನವೋದಯ ಪರೀಕ್ಷೆ ಬರೆಯಲಿಲ್ಲ. ಫೇಲಾದದ್ದಲ್ಲ, ಬರೆಯಲೇ ಇಲ್ಲ. ಅರ್ಜಿಯೇ ಹೋಗಲಿಲ್ಲ.

ಅರ್ಜಿಗೆ ಶುಲ್ಕ ಇಲ್ಲ, ನಿಜ. ಆದರೆ ಆನ್‌ಲೈನ್‌ನಲ್ಲೇ ಹಾಕಬೇಕು. ಮುಖ್ಯಶಿಕ್ಷಕರ ಸಹಿ, ಸೀಲು ಇರುವ ಪ್ರಮಾಣಪತ್ರ ಬೇಕು. ಮಗುವಿನ ಫೋಟೊ, ಮಗುವಿನ ಸಹಿ, ಪೋಷಕರ ಸಹಿ ಎಲ್ಲವೂ ಸ್ಕ್ಯಾನ್ ಆಗಬೇಕು, ಅದೂ ಅವರು ಹೇಳಿದಷ್ಟೇ ಕೆಬಿಯಲ್ಲಿ. ಇಷ್ಟನ್ನೂ ಕೇಳುವುದು ಯಾವಾಗ? 2024ರಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ, 2025ರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅರ್ಜಿ ಹಾಕಬೇಕಿತ್ತು. ಅದರ ನಡುವಿನ ಜುಲೈ, ಆಗಸ್ಟ್ ನಮಗೆ ಪುನರ್ವಸು, ಪುಷ್ಯ, ಆಶ್ಲೇಷ ಮಳೆಯ ಕಾಲ. ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಅದೇ ದಿನಗಳಲ್ಲಿ ಶಾಲೆಗೆ ಮಳೆ ರಜೆ ಘೋಷಿಸುವವರು ನೀವೇ, ಅಲ್ವಾ? ಮಕ್ಕಳ ಜೀವದ ದೃಷ್ಟಿಯಿಂದ ಅದು ಬೇಕೇ ಬೇಕು. ಆದರೆ ಬಾಗಿಲು ಹಾಕಿದ ಶಾಲೆಯಲ್ಲಿ ಸಹಿ, ಸೀಲು ಯಾರು ಹಾಕಿಕೊಡಬೇಕು?

ನಮಗೂ ಹಾಗೇ ಆಯಿತು. ಶಾಲೆ ತೆರೆದಾಗ ಮೇಷ್ಟ್ರು ತರಬೇತಿಗೆ ಹೋಗಿದ್ದರು. ಅವರು ಬಂದು ಸಹಿ ಹಾಕಿದ ಮೇಲೆ ಜೀಪು ಹಿಡಿದು ಪೇಟೆಯ ಸೈಬರ್ ಸೆಂಟರಿಗೆ ಹೋದೆವು. ಮಧ್ಯಾಹ್ನದವರೆಗೆ ಕೂತರೂ ಪೇಜ್ ತೆರೆಯಲಿಲ್ಲ. ಕೊನೆಯ ದಿನಾಂಕ ಮುಂದೆ ಹಾಕಿದ್ದಾರೆ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ಆ ದಿನಾಂಕವೂ ಮುಗಿದಿತ್ತು. ಆ ಮೇಷ್ಟ್ರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಒಬ್ಬರೇ ಎಷ್ಟು ಕೆಲಸ ಮಾಡಿಯಾರು?

ಈ ಪರೀಕ್ಷೆ ಬರೆಯಲು ಒಂದು ಮಗುವಿಗೆ ಸಿಗುವುದು ಒಂದೇ ಅವಕಾಶ. ಐದನೇ ಕ್ಲಾಸಿನಲ್ಲಿ ತಪ್ಪಿದರೆ ತಪ್ಪಿತು. ಒಂಬತ್ತನೇ ಕ್ಲಾಸಿಗೆ ಇನ್ನೊಂದು ಪರೀಕ್ಷೆ ಇದೆ, ಆದರೆ ಅದು ಖಾಲಿ ಬಿದ್ದ ಸೀಟುಗಳಿಗೆ ಮಾತ್ರ. ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇಕಡಾ 75 ಹಳ್ಳಿ ಮಕ್ಕಳಿಗೆ, ಮೂರರಲ್ಲಿ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಶಾಲೆಯದ್ದೇ. ಹನ್ನೆರಡನೇ ಕ್ಲಾಸಿನವರೆಗೆ ಮನೆಯವರಿಗೆ ಚಿಂತೆ ಇಲ್ಲ. ನನ್ನ ಅಕ್ಕನಂಥವರಿಗೇ ಅಂತ ಮಾಡಿದ ಶಾಲೆ ಅದು.

ನಮಗಾದರೂ ಜೀಪು ಹಿಡಿಯುವಷ್ಟು ದುಡ್ಡಿತ್ತು. ಎಸ್ಟೇಟ್ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಮಕ್ಕಳ ಪಾಡು ನೋಡಿ. ಅವರ ಆಧಾರ್‌ನಲ್ಲಿ ಬೇರೆ ಜಿಲ್ಲೆಯ, ಕೆಲವೊಮ್ಮೆ ಬೇರೆ ರಾಜ್ಯದ ವಿಳಾಸ ಇರುತ್ತದೆ. ನವೋದಯಕ್ಕೆ ಇದೇ ಜಿಲ್ಲೆಯ ವಾಸಿ ಅಂತ ತೋರಿಸಬೇಕು. ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಹೋದರೆ, ನಾಳೆ ಬನ್ನಿ ಅಂತಾರೆ. ನಾಳೆ ಮತ್ತೆ ಕೂಲಿ ಬಿಡಲು ಅವರಿಗೆ ಆಗುವುದಿಲ್ಲ. ಇನ್ನೊಂದು ನಿಯಮವಂತೂ ಅವರಲ್ಲಿ ಯಾರಿಗೂ ಗೊತ್ತಿಲ್ಲ. ಮೂರರಿಂದ ಐದನೇ ಕ್ಲಾಸಿನ ನಡುವೆ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ಹಳ್ಳಿ ಕೋಟಾಕ್ಕೆ ಬರುವುದಿಲ್ಲ. ಕೆಲಸ ಹುಡುಕಿ ಅಲೆಯುವ ಅಪ್ಪ ಅಮ್ಮನಿಗೆ ಇದನ್ನು ಯಾರು ಹೇಳುತ್ತಾರೆ?

ಪರೀಕ್ಷೆಯ ಬಗ್ಗೆಯೂ ಒಂದು ಮಾತು. 100 ಅಂಕದಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯದ ಚಿತ್ರಗಳಿಗೆ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಇಂಥವು. ಉತ್ತರ ತುಂಬುವುದು ಒಎಂಆರ್ ಹಾಳೆಯಲ್ಲಿ, ಅಂದರೆ ಸರಿಯುತ್ತರದ ವೃತ್ತಕ್ಕೆ ಪೆನ್ನಿನಿಂದ ಬಣ್ಣ ತುಂಬುವ ಹಾಳೆಯಲ್ಲಿ. ಪೇಟೆಯಲ್ಲಿ ಕೋಚಿಂಗ್‌ಗೆ ಹೋಗುವ ಮಕ್ಕಳು ಇದನ್ನು ನೂರು ಸಲ ಮಾಡಿರುತ್ತಾರೆ. ನಮ್ಮ ಮಕ್ಕಳು ಆ ಹಾಳೆಯನ್ನು ಮೊದಲ ಸಲ ನೋಡುವುದೇ ಪರೀಕ್ಷೆ ದಿನ.

ಅರ್ಜಿಯ ನಿಯಮ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ನಿಮ್ಮ ಕೈಯಲ್ಲಿ ಇರುವುದನ್ನೇ ಕೇಳುತ್ತಿದ್ದೇನೆ. ಅರ್ಜಿ ಕರೆದ ದಿನದಿಂದ ಎರಡು ವಾರ, ಕಂಪ್ಯೂಟರ್ ಇರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ (ಪಂಚಾಯಿತಿ ಲೈಬ್ರರಿಗಳಲ್ಲಿ) ನವೋದಯ ಅರ್ಜಿ ಹಾಕಿಕೊಡಲಿ. ಜಿಲ್ಲಾ ಪಂಚಾಯಿತಿ ಸಿಇಒ ಅವರ ಹತ್ತಿರ ನೀವು ಒಂದು ಮಾತು ಹೇಳಿದರೆ ಆಗುತ್ತದೆ. ಐದನೇ ಕ್ಲಾಸಿನ ಪ್ರತಿ ಮಗುವಿನ ಪ್ರಮಾಣಪತ್ರಕ್ಕೂ ಜೂನ್‌ನಲ್ಲಿ, ಮಳೆ ಜೋರಾಗುವ ಮೊದಲೇ ಸಹಿ ಆಗಿರಲಿ. ತಾಲ್ಲೂಕಿನ ಬಿಇಒಗಳು (ಕ್ಷೇತ್ರ ಶಿಕ್ಷಣಾಧಿಕಾರಿಗಳು) ಇದನ್ನು ಲೆಕ್ಕ ಇಟ್ಟು ನೋಡಲಿ. ಲೈನ್ ಮನೆಗಳ ಹತ್ತಿರ ನಾಡಕಚೇರಿಯವರು ಒಂದು ದಿನ ಕ್ಯಾಂಪ್ ಮಾಡಲಿ. ಆಮೇಲೆ ಶಾಲೆಗಳಿಗೆ ಬರುವ ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಹಳೆಯ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆ ಕೊಟ್ಟು ಒಂದು ಸಲವಾದರೂ ಮಕ್ಕಳ ಕೈಯಲ್ಲಿ ಬರೆಸಲಿ.

ಅಕ್ಕನ ಮಗಳು ಈಗ ಊರ ಶಾಲೆಯಲ್ಲೇ ಆರನೇ ಕ್ಲಾಸು. ಅವಳಿಗೆ ಈ ಪತ್ರದಿಂದ ಏನೂ ಆಗಬೇಕಿಲ್ಲ. ಅವಳ ತಮ್ಮ ನಾಲ್ಕನೇ ಕ್ಲಾಸಿನಲ್ಲಿದ್ದಾನೆ, ಜೂನ್‌ಗೆ ಐದನೆಯದು. ಅವನ ಜೊತೆ ಲೈನಿನ ಮಕ್ಕಳು ನಾಲ್ಕು ಜನ ಇದ್ದಾರೆ. ಆ ಐವರ ಅರ್ಜಿಯೂ ಈ ಸಲ ಹೋಗಬೇಕು ಸಾರ್.

ಇಂತಿ,
ಕಳಸ ಸೀಮೆಯ ಒಬ್ಬ ಸೋದರಮಾವ