ನನ್ನ ಹೆಸರನ್ನು ಪೂರ್ತಿ ಕರೆದವರು

ಅಮೆರಿಕದ ಪಿಟ್ಸ್‌ಬರ್ಗ್‌ನ ನನ್ನ ಹಿರಿಯ ಗೆಳೆಯರು ಹೋಗಿ ಎಂಟು ತಿಂಗಳಾಯಿತು. ಆಸ್ಪತ್ರೆಗೆ ಬಂದು ಹೋದವರಿಗೆ, ಮನೆಗೆ ಊಟ ಕಳಿಸಿದವರಿಗೆ, ಕೊನೆಯ ದಿನ ಹೆಗಲು ಕೊಟ್ಟವರಿಗೆ ಆಗಲೇ ಕೃತಜ್ಞತೆ ಹೇಳಬೇಕಿತ್ತು. ಫೆಬ್ರವರಿಯಲ್ಲಿ ಎರಡು ಸಲ ಬರೆಯಲು ಕುಳಿತೆ. ನಾಲ್ಕು ಸಾಲಿನಾಚೆ ಹೋಗಲಿಲ್ಲ. ಮೊನ್ನೆ ಅಕ್ಟೋಬರ್ 13ರಂದು ಅವರಿಲ್ಲದೆ ಮೊದಲ ಸಲ ಪಿಟ್ಸ್‌ಬರ್ಗ್‌ನ ಓಕ್‌ಲ್ಯಾಂಡ್‌ನಲ್ಲಿರುವ ಹಳೆಯ ಬೇಸ್‌ಬಾಲ್ ಮೈದಾನದ ಗೋಡೆಯ ಹತ್ತಿರ ಹೋಗಿ ಬಂದೆ. ಇನ್ನೂ ತಡ ಮಾಡುವುದು ಸರಿಯಲ್ಲ. ಅವರ ಮನೆಯವರ ಇಷ್ಟದಂತೆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬಲ್ಲವರು ಬಲ್ಲರು.

ನಮ್ಮ ಸ್ನೇಹಕ್ಕೆ ಮೂಲ ಒಂದು ಸಿಗರೇಟು ಕಾರ್ಡು. 1998ರ ಚಳಿಗಾಲ. ನಾನು ಭದ್ರಾವತಿಯಿಂದ ಬಂದು ಪಿಟ್ಸ್‌ಬರ್ಗ್ ಸೇರಿ ವರ್ಷ ತುಂಬಿರಲಿಲ್ಲ. ಭಾನುವಾರದ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇರಲಾರದೆ ಊರಂಚಿನ ಅಗ್ನಿಶಾಮಕ ಠಾಣೆಯ ಸಭಾಂಗಣಕ್ಕೆ ಹೋಗಿದ್ದೆ. ಅಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡುಗಳ ಮಾರಾಟ ನಡೆಯುತ್ತಿತ್ತು. ಬೇಸ್‌ಬಾಲ್ ನನಗೆ ಏನೇನೂ ಗೊತ್ತಿರಲಿಲ್ಲ. ಒಂದು ಮೇಜಿನ ಮೇಲೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಾರ್ಡೊಂದು ಮಗುಚಿಕೊಂಡು ಬಿದ್ದಿತ್ತು. ಅದರ ಬೆನ್ನಿನಲ್ಲಿ ಕಂದು ಮಸಿಯಲ್ಲಿ ‘ಹಿಂದೂ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಅಲ್ಲಿಯೇ ನಿಂತುಬಿಟ್ಟೆ.

ಮೇಜಿನ ಹಿಂದೆ ಹಸಿರು ಬಟ್ಟೆಯ ಮಡಿಸುವ ಕುರ್ಚಿಯಲ್ಲಿ ಅವರು ಕುಳಿತಿದ್ದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಎದ್ದು ಬಂದು ವಿವರಿಸಿದರು: ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣದೊಳಗೆ ಇಟ್ಟು ಹಂಚಿದ ಕಾರ್ಡುಗಳಿವು. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಜಾಹೀರಾತು. ಚಿತ್ರಗಳು 500ಕ್ಕೂ ಹೆಚ್ಚು, ಹಿಂಬದಿಯ ಬ್ರಾಂಡುಗಳು 16. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಬೇಕಾದಷ್ಟು ಸಿಗುತ್ತವೆ. ಹಿಂದೂ ಸಿಗುವುದು ಕಡಿಮೆ. ಅದೊಂದು ಸಿಗರೇಟಿನ ಹೆಸರು, ಅಷ್ಟೆ. ಸಂಗ್ರಾಹಕರ ಭಾಷೆಯಲ್ಲಿ ಈ ಸರಣಿಗೆ ‘ಟಿ206’ ಎನ್ನುತ್ತಾರೆ. ಇಷ್ಟು ಹೇಳಿ ನನ್ನನ್ನು ಕೇಳಿದರು: “ನೀವು ಹುಡುಗನಾಗಿದ್ದಾಗ ಏನನ್ನು ಕೂಡಿಡುತ್ತಿದ್ದಿರಿ?”

ಆ ಊರಿಗೆ ಬಂದ ಮೇಲೆ ನನ್ನ ಬಾಲ್ಯದ ಬಗ್ಗೆ ಕೇಳಿದ ಮೊದಲ ವ್ಯಕ್ತಿ ಅವರು. ಬೆಂಕಿಪೊಟ್ಟಣದ ಚಿತ್ರಗಳ ಬಗ್ಗೆ ಹೇಳಿದೆ. ಸಿಗರೇಟು ಪ್ಯಾಕಿನ ಮುಖ ಹರಿದು ಅದನ್ನೇ ದುಡ್ಡಾಗಿಸಿ ಗೋಲಿ ಆಡುತ್ತಿದ್ದುದನ್ನು ಹೇಳಿದೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಊರಿನ ಹೊತ್ತು ನಡೆಯುತ್ತಿದ್ದುದು ಅದರ ಸೈರನ್ನಿನಿಂದ ಎಂದೂ ಹೇಳಿದೆ. ಅವರ ಕಣ್ಣು ಅರಳಿತು. ಅವರೂ ಮೊನಾಂಗಹೇಲಾ ನದಿಯ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು; 1980ರ ದಶಕದಲ್ಲಿ ಅಲ್ಲಿನ ಕುಲುಮೆಗಳು ಒಂದೊಂದಾಗಿ ಆರಿದಾಗ ಕೆಲಸ ಕಳೆದುಕೊಂಡವರು. ಕಾರ್ಡನ್ನು ಮಾತ್ರ ಅಂದು ಮಾರಲಿಲ್ಲ. “ಮೊದಲು ಆಟ ಕಲಿಯಿರಿ, ಇದು ನಿಮಗಾಗಿಯೇ ಇರುತ್ತದೆ” ಎಂದರು. ಮರುವರ್ಷದ ಬೇಸಿಗೆಯಲ್ಲಿ ಥ್ರೀ ರಿವರ್ಸ್ ಕ್ರೀಡಾಂಗಣದಲ್ಲಿ ಒಂದು ಪಂದ್ಯದ ಸ್ಕೋರು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ನಾನೇ ಪೆನ್ಸಿಲಿನಲ್ಲಿ ತುಂಬಿ ತೋರಿಸಿದೆ. ಅಂದೇ ಜೇಬಿನಿಂದ ತೆಗೆದು, ತಾವು ಕೊಂಡ ಬೆಲೆಗೇ ಕೊಟ್ಟರು.

ಹೆಸರಿನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ಹೆಸರು ಐದು ಅಕ್ಷರದ್ದು. ಕಚೇರಿಯಲ್ಲಿ ಮೊದಲ ವಾರವೇ ಅದನ್ನು ಎರಡಕ್ಕೆ ಕತ್ತರಿಸಿದ್ದರು. ನಾನೂ ಹಾಗೆಯೇ ಪರಿಚಯಿಸಿಕೊಳ್ಳುತ್ತಿದ್ದೆ. ಅವರಿಗೂ ಆ ಎರಡಕ್ಷರವನ್ನೇ ಹೇಳಿದೆ. ಅವರು ಮಾತಾಡದೆ ರಾಬರ್ಟೊ ಕ್ಲೆಮೆಂಟೆಯ ಎರಡು ಕಾರ್ಡುಗಳನ್ನು ನನ್ನ ಮುಂದಿಟ್ಟರು. ಪೋರ್ಟೊ ರಿಕೊದಿಂದ ಬಂದು 1955ರಿಂದ 18 ಋತು ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಆಡಿದವರು ಕ್ಲೆಮೆಂಟೆ. ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಹೊತ್ತ ವಿಮಾನದಲ್ಲಿ ಹೊರಟು 1972ರ ಡಿಸೆಂಬರ್ 31ರಂದು ಸಮುದ್ರದ ಪಾಲಾದರು. ಆಗ ಅವರ ಲೆಕ್ಕದಲ್ಲಿ ಸರಿಯಾಗಿ 3000 ಹಿಟ್‌ಗಳಿದ್ದವು, ಅಂದರೆ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟಿದ್ದು ಅಷ್ಟು ಸಲ. ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿಯ 1955ರ ಕಾರ್ಡಿನಲ್ಲಿ ಅವರ ಹೆಸರು ‘ರಾಬರ್ಟೊ’ ಎಂದಿದೆ. 1957ರ ಕಾರ್ಡಿಗೆ ಬರುವಷ್ಟರಲ್ಲಿ ಅದು ‘ಬಾಬ್’ ಆಗಿದೆ, 1969ರವರೆಗೂ ಹಾಗೆಯೇ ಇದೆ. ಆ ಮೋಟು ಹೆಸರು ಅವರಿಗೆ ಇಷ್ಟವಿರಲಿಲ್ಲ. ತಮ್ಮ ಹೆಸರು ರಾಬರ್ಟೊ ಎಂದೇ ಅವರು ಹೇಳಿಕೊಳ್ಳುತ್ತಿದ್ದರು. “ನಾನು ಹುಡುಗನಾಗಿದ್ದಾಗ ಅವರನ್ನು ಬಾಬ್ ಎಂದೇ ಕೂಗಿದ್ದೆ. ಇನ್ನೊಮ್ಮೆ ಆ ತಪ್ಪು ಮಾಡುವುದಿಲ್ಲ. ನಿಮ್ಮ ಪೂರ್ತಿ ಹೆಸರು ಹೇಳಿ” ಎಂದರು. ನಡುವಿನ ಒತ್ತಕ್ಷರ ಅವರ ನಾಲಗೆಗೆ ಹೊರಳಲು ಮೂರು ವಾರ ಬೇಕಾಯಿತು. ಆಮೇಲೆ ಇಪ್ಪತ್ತೇಳು ವರ್ಷ ಒಂದಕ್ಷರವನ್ನೂ ಬಿಡದೆ ಕರೆದರು.

ಕಾರ್ಡುಗಳ ಮೇಲೆ ಅವರಿಗಿದ್ದ ಪ್ರೀತಿ ದುಡ್ಡಿನದಲ್ಲ. 1952ರ ಟಾಪ್ಸ್ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾದಾಗ ಊರೆಲ್ಲ ಅದನ್ನೇ ಮಾತಾಡುತ್ತಿತ್ತು. ಅವರು ನನಗೆ ಹೇಳಿದ್ದು ಬೇರೆ ಕಥೆ: ಅದೇ ಸರಣಿಯ ಕೊನೆಯ ಕಂತು ಮಾರಾಟವಾಗದೆ ಉಳಿದು, ಗೋದಾಮು ತೆರವು ಮಾಡಬೇಕಾಗಿ ಬಂದಾಗ, 1960ರಲ್ಲಿ ಅದನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರಂತೆ. ಅವರಿಗೆ ಹಿಡಿಸುತ್ತಿದ್ದುದು ಮೂಲೆ ಸವೆದ ಕಾರ್ಡುಗಳು. ಆಟಗಾರ ಬೇರೆ ತಂಡಕ್ಕೆ ಹೋದಾಗ ಯಾವುದೋ ಹುಡುಗ ಹಳೆಯ ತಂಡದ ಹೆಸರು ಹೊಡೆದು ಹಾಕಿ ಪೆನ್ನಿನಲ್ಲಿ ಹೊಸದನ್ನು ಬರೆದಿರುತ್ತಿದ್ದ. ಅಂಥದ್ದು ಸಿಕ್ಕರೆ ಬೆಳಕಿಗೆ ಹಿಡಿದು ಆ ಕೈಬರಹವನ್ನು ಓದುತ್ತಿದ್ದರು. ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿದ ಕಾರ್ಡುಗಳನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ಅವರ ಪಕ್ಷ.

ಅವರು ಗುರುವೆಂದು ಬಗೆದದ್ದು ಸಿರಕ್ಯೂಸ್‌ನ ಜೆಫರ್ಸನ್ ಬರ್ಡಿಕ್ ಅವರನ್ನು. ‘ಟಿ206’ ಎಂಬ ಗುರುತು ಕೊಟ್ಟವರೇ ಬರ್ಡಿಕ್. ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಕೆಲಸ, ಕೀಲುಗಳನ್ನು ತಿರುಚಿದ ಸಂಧಿವಾತ, ಮದುವೆಯಿಲ್ಲ. 3 ಲಕ್ಷಕ್ಕೂ ಹೆಚ್ಚು ಅಚ್ಚಿನ ಕಾಗದಗಳನ್ನು ಕೂಡಿಸಿ ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು. ಕೊಟ್ಟು ಸುಮ್ಮನಾಗಲಿಲ್ಲ. ನೋಯುವ ಬೆರಳುಗಳಿಂದಲೇ ವರ್ಷಗಟ್ಟಲೆ ಕುಳಿತು ಅವನ್ನು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯ ಒಂದು ಸಂಜೆ ಕೆಲಸ ಮುಗಿಸಿ, ಕೋಟು ತೊಟ್ಟು, ಇನ್ನು ತಾನು ಬರುವುದಿಲ್ಲ ಎಂದು ಹೇಳಿ ಹೊರಟರು. ಮಾರ್ಚಿನಲ್ಲಿ ತೀರಿಕೊಂಡರು. ಈ ಕಥೆಯನ್ನು ನನ್ನ ಗೆಳೆಯರು ಕಡಿಮೆಯೆಂದರೆ ಮೂವತ್ತು ಸಲ ಹೇಳಿದ್ದಾರೆ. ಕೋಟಿನ ಮಾತು ಬಂದಾಗಲೆಲ್ಲ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು.

2020ರ ಮೇ ತಿಂಗಳಲ್ಲಿ ಊರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ವಿಮಾನಗಳು ನಿಂತಿದ್ದವು. ನನ್ನ ತಮ್ಮ ಚಿತೆಗೆ ಬೆಂಕಿ ಇಡುವುದನ್ನು ಮೊಬೈಲಿನ ಪರದೆಯಲ್ಲಿ ನೋಡಿದೆ. ಮರುದಿನ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದರೆ, ನಮ್ಮ ಅಂಗಳದ ಮೇಪಲ್ ಮರದ ಕೆಳಗೆ ಆ ಹಸಿರು ಕುರ್ಚಿ ಬಿಡಿಸಿಕೊಂಡು ಅವರು ಕುಳಿತಿದ್ದರು. ಮುಖಕ್ಕೆ ಮಾಸ್ಕು. ನಾನು ಮೆಟ್ಟಿಲ ಮೇಲೆ ಕುಳಿತೆ. ಅವರಾಗಿ ಏನೂ ಕೇಳಲಿಲ್ಲ. ಒಂದು ಗಂಟೆ ಕುಳಿತು ಎದ್ದು ಹೋದರು. ನಮ್ಮಲ್ಲಿ ಹದಿಮೂರು ದಿನದ ಸೂತಕ ಎಂದು ನನ್ನ ಹೆಂಡತಿಯಿಂದ ತಿಳಿದುಕೊಂಡಿದ್ದರಂತೆ; ಹದಿಮೂರೂ ದಿನ ಬಂದರು. ಎರಡು ದಿನ ಮಳೆ ಇತ್ತು, ಕೊಡೆ ಹಿಡಿದು ಕುಳಿತಿದ್ದರು.

ಆ ಋಣವನ್ನು ತೀರಿಸುವ ಮಾತೇ ಇಲ್ಲ. ಆದರೆ 2023ರ ಕೊನೆಯಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟು ಡಯಾಲಿಸಿಸ್ ಶುರುವಾದಾಗ ಕರೆದೊಯ್ಯುವ ಪಾಳಿಯಲ್ಲಿ ನನಗೂ ಒಂದು ಪಾಲು ಸಿಕ್ಕಿತು. ವಾರಕ್ಕೆ ಮೂರು ದಿನ, ಒಂದೊಂದು ದಿನ ಸುಮಾರು ನಾಲ್ಕು ಗಂಟೆ. ಸೂಜಿ ಚುಚ್ಚಿದ ಎಡಗೈ ಅಲುಗಬಾರದು. ನಾನು ಪಕ್ಕದಲ್ಲಿ ಕುಳಿತು ಅವರ 1955ರ ಟಾಪ್ಸ್ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವುತ್ತಿದ್ದೆ. ಪುಟಕ್ಕೆ ಎಂಟು ಜೇಬು. ಸರಣಿಯ ಸಂಖ್ಯೆ 210ರವರೆಗೆ ಹೋದರೂ ಕಾರ್ಡುಗಳಿರುವುದು 206. 175, 186, 203, 209 ಅಚ್ಚಾಗಲೇ ಇಲ್ಲ. ಆ ನಾಲ್ಕಕ್ಕೂ ಅವರು ಖಾಲಿ ಜೇಬು ಬಿಟ್ಟಿದ್ದರು. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು, ಕೊಳವೆಯಲ್ಲಿ ಕೆಂಪು ಹರಿಯುತ್ತಿತ್ತು. ಅವರು ಬಲಗೈ ಬೆರಳನ್ನು ಪ್ಲಾಸ್ಟಿಕ್ಕಿನ ಮೇಲೆ ಮೆಲ್ಲಗೆ ಆಡಿಸುತ್ತ ಒಬ್ಬೊಬ್ಬ ಆಟಗಾರನ ಹೆಸರನ್ನೂ ಪೂರ್ತಿಯಾಗಿ ಹೇಳುತ್ತಿದ್ದರು.

ಸಿಗದೆ ಉಳಿದದ್ದು ಕೊನೆಯ ಕಾರ್ಡೊಂದೇ: 210, ಡ್ಯೂಕ್ ಸ್ನೈಡರ್. ಅಂದಿನ ಹುಡುಗರು ಕಾರ್ಡುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮೊದಲ ಮತ್ತು ಕೊನೆಯ ಕಾರ್ಡುಗಳೇ ಏಟು ತಿನ್ನುತ್ತಿದ್ದವು. ಬಾಲ್ಯದ ಅವರ ಪ್ರತಿಯನ್ನು ಮನೆ ಬದಲಿಸುವಾಗ ಅವರ ತಾಯಿ ಉಳಿದೆಲ್ಲ ಕಾರ್ಡುಗಳ ಜೊತೆ ಕಸಕ್ಕೆ ಹಾಕಿದ್ದರು. ಕಳೆದ ಜನವರಿಯಲ್ಲಿ ಒಹಾಯೊದ ಒಬ್ಬ ವ್ಯಾಪಾರಿ ಹಿಮದಲ್ಲಿ ಎರಡು ಗಂಟೆ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಬಂದರು. ತಂದ ಸ್ನೈಡರ್ ಕಾರ್ಡಿನ ಎರಡೂ ಅಂಚಿನಲ್ಲಿ ರಬ್ಬರ್ ಬ್ಯಾಂಡು ಕಚ್ಚಿದ ಗುರುತಿತ್ತು. “ಇದಕ್ಕಿಂತ ಚೆನ್ನಾಗಿರುವುದೂ ನನ್ನ ಬಳಿ ಇದೆ, ಆದರೆ ನಿಮಗೆ ಇದೇ ಬೇಕೆಂದು ಗೊತ್ತು” ಎಂದರು. ದುಡ್ಡು ಮುಟ್ಟಲಿಲ್ಲ. ಕಾರ್ಡನ್ನು ಜೇಬಿಗೆ ಇಳಿಸುವಾಗ ನನ್ನ ಗೆಳೆಯರ ಕೈ ನಡುಗುತ್ತಿತ್ತು, ನನ್ನ ಸಹಾಯವನ್ನು ಒಲ್ಲೆನೆಂದರು. ಆ ವ್ಯಾಪಾರಿಗೆ ಮೊದಲ ವಂದನೆ.

ಡಯಾಲಿಸಿಸ್ ವಿಭಾಗದ ದಾದಿಯರಿಗೆ ವಂದನೆ. ಸ್ನೈಡರ್ ಯಾರೆಂದು ತಿಳಿಯದಿದ್ದರೂ ಅಂದು ಚಪ್ಪಾಳೆ ತಟ್ಟಿದಿರಿ. ನಾನು ಬರಲಾಗದ ದಿನಗಳಲ್ಲಿ ಆಲ್ಬಮ್ಮಿನ ಪುಟ ತಿರುವಿದವರು ನೀವೇ ಎಂದು ಆಮೇಲೆ ತಿಳಿಯಿತು.

ನಮ್ಮ ಕನ್ನಡದ ಗೆಳತಿಯರಿಗೆ ಏನು ಹೇಳಲಿ? ಆಲೂಗಡ್ಡೆ, ಟೊಮೆಟೊ, ಬಾಳೆಹಣ್ಣು ಕೂಡದು, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ ಇರಬೇಕು ಎಂದಾಗ ನೀವು ಪಟ್ಟಿ ಬರೆದುಕೊಂಡು, ತರಕಾರಿ ಬೇಯಿಸಿ ನೀರು ಬಸಿದು ಪಲ್ಯ ಮಾಡಿದಿರಿ. ಉಪ್ಪಿಲ್ಲದ ನೀರುದೋಸೆಯನ್ನು ಬಾಳೆಲೆಯಲ್ಲಿ ಸುತ್ತಿ ಕಳಿಸಿದಿರಿ. ಗುರುತಿಲ್ಲದ ಮನುಷ್ಯನಿಗೆ ಹದಿನಾಲ್ಕು ತಿಂಗಳು ಹೀಗೆ ನಡೆಸಿಕೊಂಡು ಬಂದಿರಿ. ದೋಸೆಯನ್ನು ಬೆಳಕಿಗೆ ಹಿಡಿದು, ಹಳೆಯ ಕಾರ್ಡಿನ ಕಾಗದಕ್ಕಿಂತ ತೆಳ್ಳಗಿದೆ ಎಂದು ಅವರು ಮೆಚ್ಚಿದ್ದನ್ನು ನಿಮಗೆ ತಲುಪಿಸಬೇಕಿತ್ತು, ಈಗ ತಲುಪಿಸುತ್ತಿದ್ದೇನೆ.

ಅವರ ಪತ್ನಿಗೆ, ಮಗಳಿಗೆ: ಕೊನೆಯ ದಿನ ಪೆಟ್ಟಿಗೆಗೆ ಹೆಗಲು ಕೊಡಲು ಆರು ಜನ ಬೇಕೆಂದಾಗ ಐವರು ಮನೆಯವರ ಜೊತೆ ನನ್ನನ್ನೂ ಕರೆದಿರಿ. ಚರ್ಚಿನಲ್ಲಿ ನನ್ನ ಹೆಸರನ್ನು ಓದಿದಾಗ ಒತ್ತಕ್ಷರ ಸರಿಯಾಗಿತ್ತು. ಅವರು ನಿಮಗೂ ಕಲಿಸಿದ್ದರು.

ಇನ್ನು ಆ ಗೋಡೆ. ಅದು 1909ರಲ್ಲಿ ತೆರೆದು 1970ರಲ್ಲಿ ಮುಚ್ಚಿದ ಫೋರ್ಬ್ಸ್ ಫೀಲ್ಡ್ ಮೈದಾನದ ಉಳಿದ ತುಂಡು. 1960ರ ಅಕ್ಟೋಬರ್ 13ರಂದು ಬೇಸ್‌ಬಾಲ್‌ನ ವಾರ್ಷಿಕ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೆಯ, ನಿರ್ಣಾಯಕ ಪಂದ್ಯ 9–9ರಲ್ಲಿ ಸಮನಾಗಿ ನಿಂತಿದ್ದಾಗ ಪೈರೇಟ್ಸ್‌ನ ಬಿಲ್ ಮ್ಯಾಜರೋಸ್ಕಿ ಚೆಂಡನ್ನು ಬೇಲಿಯಾಚೆ ಹೊಡೆದು ಯಾಂಕೀಸ್‌ ತಂಡವನ್ನು ಸೋಲಿಸಿದರು. ಆಗ ಮಧ್ಯಾಹ್ನ 3 ಗಂಟೆ 36 ನಿಮಿಷ. ಪ್ರತಿವರ್ಷ ಅದೇ ದಿನ ಜನ ಅಲ್ಲಿ ಸೇರಿ ಆ ಪಂದ್ಯದ ರೇಡಿಯೊ ವಿವರಣೆಯನ್ನು ಮೊದಲಿಂದ ಕೇಳುತ್ತಾರೆ. ಆ ಹೊಡೆತ ಅದೇ ನಿಮಿಷಕ್ಕೆ ಬರುವಂತೆ ಹಾಕುತ್ತಾರೆ. ಫಲಿತಾಂಶ ಎಲ್ಲರಿಗೂ ಗೊತ್ತು, ಆದರೂ 9–9 ಆದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಅವರು ಆಗ ಹದಿನಾಲ್ಕರ ಹುಡುಗ. ನನ್ನನ್ನು ಅಲ್ಲಿಗೆ ಇಪ್ಪತ್ತು ಸಲವಾದರೂ ಕರೆದುಕೊಂಡು ಹೋಗಿದ್ದಾರೆ.

ಈ ಸಲ ಹಸಿರು ಕುರ್ಚಿಯನ್ನು ನನ್ನ ಪಕ್ಕ ಬಿಡಿಸಿ ಖಾಲಿ ಇಟ್ಟಿದ್ದೆ. ಆರನೆಯ ಇನ್ನಿಂಗ್ಸ್ ಹೊತ್ತಿಗೆ ಕೋಲೂರಿಕೊಂಡು ಒಬ್ಬ ವೃದ್ಧೆ ಬಂದು, ನಿಲ್ಲಲಾರದೆ ಗೋಡೆಗೆ ಒರಗಿದರು. ಕುರ್ಚಿ ತೋರಿಸಿದೆ. ಕುಳಿತರು, ನನ್ನ ಹೆಸರು ಕೇಳಿದರು, ಎರಡು ಸಲ ಹೇಳಿಸಿಕೊಂಡರು. ಹೊಡೆತ ಬಿದ್ದಾಗ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ತಾಯಿಗೂ ವಂದನೆ.

ಪಿಟ್ಸ್‌ಬರ್ಗ್ ಕಡೆಯವರು ಮುಂದಿನ ಅಕ್ಟೋಬರ್‌ನಲ್ಲಿ ಬರುವುದಾದರೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಬನ್ನಿ, ಆಮೇಲೆ ನೆರಳಿನಲ್ಲಿ ಜಾಗ ಸಿಗುವುದಿಲ್ಲ. ನನ್ನ ಕಾರಿನಲ್ಲಿ ಕುರ್ಚಿ ಎರಡಿವೆ.